ಹಳೇ ಮನೆಗೆ ವರ್ಷಕ್ಕೊಂದು ಕೆಲಸ

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದು ಅಂಗಳ ಖಾಲಿಯಾಯಿತೆಂದರೆ ನನ್ನ ಕಣ್ಣು ಮನೆಯ ಮೇಲೆ ಬೀಳುತ್ತದೆ. ಈ ಸಲ ಯಾವುದಕ್ಕೆ ಕೈ ಹಾಕಲಿ? ಒಲೆಗೋ, ಮಾಡಿಗೋ, ವೈರಿಂಗಿಗೋ? ಊರಿನಲ್ಲಿ ಕೆಲವರಿಗೆ ತಾಳಮದ್ದಲೆಯ ಹುಚ್ಚು, ಕೆಲವರಿಗೆ ಹೂವಿನ ಗಿಡಗಳದ್ದು. ಸಾಗರ ಸೀಮೆಯ ನಮ್ಮ ಈ ಹಳೇ ಮನೆಯಲ್ಲಿ ಸೌದೆ, ಕರೆಂಟು ಎಲ್ಲೆಲ್ಲಿ ಸುಮ್ಮನೆ ಹಾಳಾಗುತ್ತಿದೆ ಎಂದು ಹುಡುಕಿ ನಿಲ್ಲಿಸುವುದು ನನ್ನ ಹುಚ್ಚು. ವರ್ಷಕ್ಕೆ ಒಂದೇ ಕೆಲಸ. ಅದು ಒಂದು ಮಳೆಗಾಲ, ಒಂದು ಬೇಸಿಗೆ ಕಾಣಬೇಕು. ಆಮೇಲೆ ಮುಂದಿನದು.

ಇಂಥ ಮನೆಗೆ ಹೊಸದೇನಾದರೂ ತರುವ ಮೊದಲು ಅದು ಈಗಾಗಲೇ ಏನು ಮಾಡುತ್ತಿದೆ ಎಂದು ಕೂತು ನೋಡಬೇಕು. ನಮ್ಮ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಮಧ್ಯಾಹ್ನದ ಬಿಸಿಲು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿ, ಹೊರಗೆ ತಂಪು ಇಳಿದಿರುತ್ತದೆ. ಮೇಲೇರಿದ ಬಿಸಿಗಾಳಿ ಹಂಚಿನ ಸಂದುಗಳಿಂದ ತಾನಾಗಿ ಹೊರಗೆ ಹೋಗುತ್ತದೆ. ಕೆಲವು ಹಂಚುಗಳ ಬೆನ್ನಿಗೆ ಬಾಸೆಲ್ ಮಿಶನ್ನಿನ ಮುದ್ರೆ, ಜೊತೆಗೆ 1865 ಎಂಬ ಇಸವಿ ಇದೆ. (ಮನೆ ಅಷ್ಟು ಹಳೆಯದಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ವರ್ಷ ಅದು.) ನಾನು ಮಾಡಿಸಿದ ಮೊದಲ ಕೆಲಸವೂ ಮಾಡಿನದೇ: ಅಡುಗೆಮನೆಗೆ, ನಡುಮನೆಗೆ ಗಾಜಿನ ಹಂಚು ಹಾಕಿಸಿದ್ದು. ಹಗಲು ಲೈಟು ಹಾಕುವ ಅಭ್ಯಾಸವೇ ತಪ್ಪಿತು. ಮಳೆಗೆ ಮುಂಚೆ ಹಂಚು ಸರಿಮಾಡುವವರು ಬಂದಾಗ ಗಾಜಿಗೆ ಹಿಡಿದ ಮಸಿ ಒರೆಸಿಸಿದರೆ ಸಾಕು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಕಟ್ಟಿದ ‘ಅಸ್ತ್ರ’ ಎಂಬ ಕೇಂದ್ರದಿಂದ ಬಂದ ಒಲೆ ಇದು. ನಮ್ಮ ಕಡೆ ಎಲ್ಲರ ಬಾಯಲ್ಲೂ ಅಸ್ತ್ರ ಒಲೆ. ಹಳೇ ಒಲೆಯಲ್ಲಿ ಸೌದೆಯ ಬಿಸಿಯ ಬಹುಪಾಲು ಪಾತ್ರೆಯ ಬದಿಯಿಂದ ಹೊಗೆಯ ಜೊತೆ ಮಾಡಿಗೆ ಹೋಗುತ್ತದೆ. ಇದರಲ್ಲಿ ಬೆಂಕಿಯ ಗೂಡು ಸುತ್ತ ಮುಚ್ಚಿರುತ್ತದೆ. ಸೌದೆ ಉರಿಯುವುದು ಸರಳಿನ ಜಾಲರಿಯ ಮೇಲೆ. ಗಾಳಿ ಅಡಿಯಿಂದ ಬರುತ್ತದೆ, ಬೂದಿ ಅಡಿಗೇ ಬೀಳುತ್ತದೆ. ಪಾತ್ರೆ ಒಲೆಯ ಕಣ್ಣಿನೊಳಗೆ ಇಳಿದು ಕೂರುತ್ತದೆ. ಮೊದಲ ಪಾತ್ರೆ ಕಾಯಿಸಿದ ಬಿಸಿಹೊಗೆ ಎರಡನೆಯದರ, ಮೂರನೆಯದರ ಅಡಿ ಹಾದು, ಉಳಿದದ್ದಷ್ಟೇ ಚಿಮಣಿ ಹತ್ತುತ್ತದೆ.

ಮೇಸ್ತ್ರಿ ಕಟ್ಟಿ ಮುಗಿಸಿದ ದಿನ ಅತ್ತೆ ಬಗ್ಗಿ ನೋಡಿದರು. “ಇಷ್ಟು ಸಣ್ಣ ಬಾಯಿಗೆ ಕುಂಟೆ ಹಿಡಿಸ್ತದಾ ಮಾರಾಯ್ತಿ?”

“ಕುಂಟೆ ಬೇಡ ಅತ್ತೆ, ಸಣ್ಣಗೆ ಸೀಳಿದ ಸೌದೆ ಸಾಕು.”

ಮೊದಲು ಆಷಾಢದ ಹೊತ್ತಿಗೇ ಕರಗುತ್ತಿದ್ದ ಸೌದೆ ಕೊಟ್ಟಿಗೆಯಲ್ಲಿ ಆ ವರ್ಷ ದೀಪಾವಳಿಗೂ ಒಟ್ಟಿಲು ಉಳಿದಿತ್ತು. ಅದನ್ನು ತೋರಿಸಿ ಅತ್ತೆಯೇ ಅಕ್ಕಪಕ್ಕದವರನ್ನು ಕರೆದು ಒಲೆ ನೋಡಿಸಿದರು. ಮರುವರ್ಷ ಬಚ್ಚಲ ಒಲೆ. ಉರಿ ಹಂಡೆಯ ಸುತ್ತ ಒಂದು ಸುತ್ತು ಬಂದು ಹೊರಹೋಗುವಂತೆ ಕಟ್ಟಿದ್ದಾಯಿತು. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಗೀಸರಿಗೆ ಹೆಚ್ಚುಕಡಿಮೆ 3 ಯೂನಿಟ್ ಕರೆಂಟು ಬೇಕು. ನಮ್ಮಲ್ಲಿ ಅಡಿಕೆ ಸಿಪ್ಪೆ ಆ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಸೋಲಾರ್ ಇದೆ. ಜೂನ್‌ನಿಂದ ಮೋಡ ಕವಿದಾಗ ಹಂಡೆಯೇ ಗತಿ, ಅದೇ ಚಂದ ಕೂಡ.

ಕರೆಂಟಿನ ಕೆಲಸ ಸುಲಭ, ಅಂಗಡಿಗೆ ಹೋಗಿಬಂದರೆ ಅರ್ಧ ಮುಗಿದಂತೆ. 60 ವಾಟಿನ ಬಲ್ಬಿನ ಜಾಗಕ್ಕೆ 9 ವಾಟಿನ ಎಲ್‌ಇಡಿ, 75 ವಾಟಿನ ಫ್ಯಾನಿನ ಜಾಗಕ್ಕೆ ಸುಮಾರು 30 ವಾಟಿನ ಬಿಎಲ್‌ಡಿಸಿ. ಗೋಡೆಯ ಮೇಲಿದ್ದ ಡಬ್ಬಿಯಂಥ ಹಳೇ ರೆಗ್ಯುಲೇಟರನ್ನು ಮುಟ್ಟಿದರೆ ಬಿಸಿ. ಫ್ಯಾನು ನಿಧಾನ ಮಾಡಿ ಉಳಿಸಿದೆವೆಂದುಕೊಂಡ ಕರೆಂಟು ಅಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಅದನ್ನು ತೆಗೆಸಿದ್ದು ಹೊಸ ಫ್ಯಾನಿಗಿಂತ ಹೆಚ್ಚು ಸಮಾಧಾನ ಕೊಟ್ಟಿತು.

ತಾರಸಿಯ ಕೋಣೆ ಮಾತ್ರ ಬಹಳ ಯೋಚನೆಗೆ ಹಚ್ಚಿತ್ತು. ಎಂಬತ್ತರ ದಶಕದಲ್ಲಿ ಮಾವ ಆಸೆಪಟ್ಟು ಕಟ್ಟಿಸಿದ್ದು. ಏಪ್ರಿಲ್‌ನಲ್ಲಿ ಕಾಂಕ್ರೀಟು ಹಗಲೆಲ್ಲ ಕಾದು ನಡುರಾತ್ರಿಯವರೆಗೆ ಬಿಸಿ ಉಗುಳುತ್ತಿತ್ತು. ಎಸಿ ಹಾಕಿಸಿ ಅಂದವರೇ ಹೆಚ್ಚು. ನಾವು ತಾರಸಿಯ ಮೇಲೆ ಆಳೆತ್ತರ ಬಿಟ್ಟು, ಹಳೇ ಕೊಟ್ಟಿಗೆಯಿಂದ ಇಳಿಸಿದ ಹಂಚನ್ನೇ ಹೊದಿಸಿ, ನಾಲ್ಕೂ ಬದಿ ತೆರೆದಿಟ್ಟೆವು. ಬಿಸಿಲು ಹಂಚಿಗೆ ಬೀಳುತ್ತದೆ, ನಡುವಿನ ಗಾಳಿ ಅದರ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೋಣೆಯಲ್ಲಿ ಈಗ ಫ್ಯಾನು ಎರಡರಲ್ಲಿಟ್ಟರೆ ನಿದ್ದೆ ಬರುತ್ತದೆ. ಹನಿ ಮಳೆಯಲ್ಲಿ ಅಡಿಕೆ ಹರಡಲು ಜಾಗವೂ ಆಯಿತು.

2023ರಲ್ಲಿ ಗೃಹಜ್ಯೋತಿ ಬಂದು ನಮ್ಮ ಬಿಲ್ಲು ಸೊನ್ನೆಯಾಯಿತು. ಆದರೂ ತಿಂಗಳ ಮೊದಲ ದಿನ ಮೀಟರು ನೋಡಿ ಬರೆದಿಡುವುದನ್ನು ಬಿಟ್ಟಿಲ್ಲ. ಶರಾವತಿ ಸೀಮೆಯವರಿಗೆ ಯೂನಿಟ್ಟೆಂದರೆ ದುಡ್ಡಷ್ಟೇ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅತ್ತೆಯ ತವರೂ ಒಂದು. ತೋಟ, ಗದ್ದೆ, ತುಳಸಿಕಟ್ಟೆ ಎಲ್ಲ ಬಿಟ್ಟು ಬಂದವರ ಎದುರು ಕೂತು ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಲಿ ಬಿಡು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಈ ಬೇಸಿಗೆಗೆ ತೋಟದ ಪಂಪು. ಮನೆಯ ಲೆಕ್ಕದಲ್ಲಿ ಸೇರದೆ ಇಷ್ಟು ದಿನ ತಪ್ಪಿಸಿಕೊಂಡಿತ್ತು. 5 ಎಚ್‌ಪಿ ಪಂಪು ಗಂಟೆಗೆ ತಿನ್ನುವ ಸುಮಾರು 4 ಯೂನಿಟ್ಟಿನಲ್ಲಿ ಒಂದು ಎಲ್‌ಇಡಿ ಬಲ್ಬು ನಾನೂರು ಗಂಟೆಗೂ ಹೆಚ್ಚು ಉರಿಯುತ್ತದೆ. ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಹಾಗಾಗಿ ಫುಟ್‌ವಾಲ್ವ್ ಕಟ್ಟಿಕೊಂಡಿದೆಯೋ, ಪೈಪು ಸಣ್ಣದಾಯಿತೋ ಎಂದು ಯಾರೂ ನೋಡುವುದಿಲ್ಲ. ನಮ್ಮವರು ಪೇಟೆಯಿಂದ ಹೊಸ ಫುಟ್‌ವಾಲ್ವ್ ತಂದು ಜಗಲಿಯಲ್ಲಿಟ್ಟಿದ್ದಾರೆ, ನಾಳೆಯೇ ಹಾಕಿಸುವ ಉತ್ಸಾಹ. ಬೇಡ ಎಂದು ತಡೆದಿದ್ದೇನೆ. ಈಗಿರುವ ಹಾಗೆಯೇ ಟ್ಯಾಂಕು ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊದಲು ಬರೆದುಕೊಳ್ಳಬೇಕು.