ಬ್ಯಾಕ್ಟೀರಿಯಾ ಇಲ್ಲದ ಕೀವು

ಕ್ಯಾನ್ಸರಿಗೆ ಕೊಡುವ ಜೆಫಿಟಿನಿಬ್ ಮಾತ್ರೆ ಶುರುವಾಗಿ ಎರಡನೇ ವಾರಕ್ಕೆ ಮೂಗಿನ ಅಕ್ಕಪಕ್ಕ, ಎದೆಯ ಮೇಲ್ಭಾಗದಲ್ಲಿ ಏಳುವ ಗುಳ್ಳೆ ಥೇಟ್ ಮೊಡವೆ. ಹತ್ತಿರದಿಂದ ನೋಡಿದರೆ ಮೊಡವೆಯ ಕಪ್ಪು ಚುಕ್ಕೆ, ಬಿಳಿ ಚುಕ್ಕೆ ಒಂದೂ ಇಲ್ಲ, ಕೆಂಪು ಬುಡದ ಮೇಲೆ ಹಳದಿ ಕೀವು ಅಷ್ಟೆ. ಮೊದಮೊದಲು ಆ ಕೀವನ್ನು ಕಲ್ಚರ್‌ಗೆ ಕೊಟ್ಟರೆ ಸಾಮಾನ್ಯವಾಗಿ ಏನೂ ಬೆಳೆಯುವುದಿಲ್ಲ. ಮತ್ತೆ ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಡುವುದು ಯಾಕೆ?

ಈ ಮಾತ್ರೆ ನುಂಗುತ್ತಿದ್ದ ದೊಡ್ಡಮ್ಮನ ಮುಖ ನೋಡಿ ಪಕ್ಕದ ಮನೆಯವರು, "ಉಷ್ಣ ಆಗಿದೆ, ಎಳನೀರು ಕುಡಿಸಿ" ಅಂದರು. ಡಾಕ್ಟರು ಗಾಬರಿಯಾಗಲಿಲ್ಲ. "ಗುಳ್ಳೆ ಎದ್ದವರಿಗೆ ಔಷಧಿ ಚೆನ್ನಾಗಿ ಹಿಡಿಯೋದು ಹೆಚ್ಚು ಕಂಡಿದೆ ಅಮ್ಮ. ಹಾಗಂತ ಗ್ಯಾರಂಟಿ ಏನಿಲ್ಲ." ಅಡ್ಡಪರಿಣಾಮವೇ ಶುಭಶಕುನ! ಮಾತ್ರೆ ನಿಲ್ಲಿಸೋಣವೇ ಎನ್ನುತ್ತಿದ್ದ ದೊಡ್ಡಮ್ಮ ಸುಮ್ಮನಾದರು.

ಔಷಧಿ ಹಿಡಿದುಹಾಕುವ ಇಜಿಎಫ್‌ಆರ್ ಎಂಬ ಪ್ರೋಟೀನು ಗಡ್ಡೆಯಲ್ಲಷ್ಟೇ ಇಲ್ಲ, ಚರ್ಮದ ತಳಪದರದಲ್ಲೂ ಕೂದಲ ಬುಡದಲ್ಲೂ ಇದೆ. ಅದು ಕೆಲಸ ನಿಲ್ಲಿಸಿದರೆ ಚರ್ಮದ ಕೋಶಗಳು ಬಿಳಿ ರಕ್ತಕಣಗಳಿಗೆ ಕರೆ ಕಳಿಸುತ್ತವೆ. ಕೀವಿಗೆ ಅಷ್ಟು ಸಾಕು. ಅದೇ ಹೊತ್ತಿಗೆ ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡುಗಳ ತಯಾರಿ ತಗ್ಗುತ್ತದೆ, ಹೊರಪದರ ತೆಳುವಾಗುತ್ತದೆ. ಬೇಲಿ ಕಿತ್ತ ತೋಟಕ್ಕೆ ದನ ನುಗ್ಗಿದ ಹಾಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಬರುವುದು ಆಮೇಲೆ. ಉಗುರಿನ ಸಂದಿ ಊದಿಕೊಂಡಾಗಂತೂ ಅದು ಸಿಗಬಹುದು.

2019ರಲ್ಲಿ ವಿಯೆನ್ನಾದ ಸಂಶೋಧಕರು ಇಲಿಗಳಲ್ಲಿ ಕಂಡದ್ದು: ಕೂದಲು ಚರ್ಮದಿಂದ ಹೊರಬರುವ ಜಾಗದಲ್ಲೇ ತಡೆಗೋಡೆ ಒಡೆಯುತ್ತದೆ, ಚರ್ಮದ ಮೇಲೇ ವಾಸವಿರುವ ಬ್ಯಾಕ್ಟೀರಿಯಾ ಉರಿಯೂತವನ್ನು ಕೆರಳಿಸುತ್ತವೆ. ಕೂದಲಿಲ್ಲದ ಅಂಗೈಯಲ್ಲಿ ಗುಳ್ಳೆ ಏಳದಿರುವುದಕ್ಕೆ ಇದೇ ಕಾರಣವಿರಬೇಕು ಅನ್ನಿಸುತ್ತದೆ.

ಮಾತ್ರೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಕೆಲವರ ರೆಪ್ಪೆಗೂದಲು ಉದ್ದವಾಗಿ ಸುರುಳಿ ಸುತ್ತುತ್ತದೆ, ಕನ್ನಡಕದ ಗಾಜಿಗೆ ತಾಗುವಷ್ಟು. ಇಜಿಎಫ್‌ಆರ್‌ಗೆ ಅಂಟುವ ಇಜಿಎಫ್ ಪತ್ತೆಯಾದದ್ದೂ ಕಣ್ಣಿನಿಂದಲೇ. ವಿಜ್ಞಾನಿ ಸ್ಟಾನ್ಲಿ ಕೋಹೆನ್ ಚುಚ್ಚಿದ ಗ್ರಂಥಿಸಾರದಿಂದ ಇಲಿಮರಿಗಳು ಹೊತ್ತಿಗೆ ಮುಂಚೆಯೇ ಕಣ್ಣು ಬಿಟ್ಟಿದ್ದವು. ಅದಕ್ಕೇ 1986ರ ನೊಬೆಲ್‌ನಲ್ಲಿ ಅವರಿಗೂ ಪಾಲು.

ಡಾಕ್ಸಿಸೈಕ್ಲಿನ್ ಪ್ರಶ್ನೆ ಇನ್ನೂ ಬಾಕಿ. ಅದು ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಜಿಎಫ್‌ಆರ್ ಅನ್ನೇ ತಡೆಯುವ ಪ್ಯಾನಿಟುಮುಮ್ಯಾಬ್ ಪಡೆಯುತ್ತಿದ್ದವರಿಗೆ ಗುಳ್ಳೆ ಏಳುವ ಮುಂಚೆಯೇ ಚಿಕಿತ್ಸೆ ಕೊಟ್ಟಾಗ ಮಧ್ಯಮ ಅಥವಾ ಅದಕ್ಕಿಂತ ತೀವ್ರವಾದ ಚರ್ಮದ ತೊಂದರೆ ಶೇ. 62ರಿಂದ 29ಕ್ಕೆ ಇಳಿಯಿತು. ಆದರೆ ಅಲ್ಲಿ ಡಾಕ್ಸಿಸೈಕ್ಲಿನ್ ಜೊತೆಗೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಸ್ಟೀರಾಯ್ಡ್ ಕ್ರೀಮ್ ಎಲ್ಲವನ್ನೂ ಒಟ್ಟಿಗೇ ಕೊಟ್ಟಿದ್ದರು. ಇಳಿಸಿದ್ದು ಯಾವುದು?