ಕೆಂಪು ದೀಪ ಮತ್ತು ಚಿರೆಕಲ್ಲಿನ ಗೋಡೆ

ಕಾರವಾರ, ಅಂಕೋಲಾಗಳಲ್ಲಿ ಮಳೆ ಹಿಡಿಯಿತೆಂದರೆ ಮನೆಯ ಇಂಟರ್ನೆಟ್ ಬಂದು ಹೋಗುವ ಅತಿಥಿಯಾಗುತ್ತದೆ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನ ಮುಖ ಪರದೆಯ ಮೇಲೆ ನಿಂತುಬಿಡುತ್ತದೆ. ಮಕ್ಕಳ ತಜ್‌ವೀದ್ ಪಾಠದಲ್ಲಿ ಉಸ್ತಾದರ ಉಚ್ಚಾರಣೆ ತುಂಡಾಗುತ್ತದೆ. ಒಂದೊಂದು ಅಕ್ಷರದ ಮಖ್ರಜ್ ಕಲಿಯುವವರಿಗೆ ಅರ್ಧ ಸೆಕೆಂಡಿನ ನಷ್ಟವೂ ಸಣ್ಣದಲ್ಲ.

ನಾವು ಮಳೆಯನ್ನು ದೂರುತ್ತೇವೆ. ಆದರೆ ಫೈಬರ್ ತಂತಿಯಲ್ಲಿ ಹರಿಯುವುದು ಬೆಳಕು. ಮಳೆಹನಿ ಅದನ್ನು ನೇರವಾಗಿ ಕುಂದಿಸದು. ಕೊಂಬೆ ಬಿದ್ದು ಕಂಬ ವಾಲುವುದು, ವಿದ್ಯುತ್ ಹೋಗುವುದು ಬೇರೆ ಮಾತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಜೀವಗಳು ಹೋದವು. ಅಂಥ ದಿನ ಸಂಪರ್ಕ ಕಡಿದರೆ ದೂರುವ ಮನಸ್ಸಾದರೂ ಯಾರಿಗಿದೆ?

ಉಳಿದ ದಿನಗಳಲ್ಲಿ, ದೋಷ ಹೊರಗಿನದೋ ಒಳಗಿನದೋ ಎಂದು ಮೊದಲು ತಿಳಿಯಬೇಕು. ಪೆಟ್ಟಿಗೆಯ ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಬೆಳಕು ತಲುಪುತ್ತಿಲ್ಲ. ಕಂಪೆನಿಯವರನ್ನು ಕರೆಯುವ ಮುನ್ನ ಕಪಾಟಿನ ಹಿಂದೆ ತಂತಿ ಚೂಪಾಗಿ ಮಡಿಚಿದೆಯೇ ನೋಡಿರಿ; ಒಳಗಿರುವುದು ಗಾಜಿನ ಎಳೆ. ಆ ದೀಪ ಆರಿದ್ದೂ ಸಂಪರ್ಕ ತಡವರಿಸಿದರೆ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ಜೋಡಿಸಿರಿ. ಆಗ ಸರಾಗವಾಗಿ ನಡೆದರೆ ತೊಂದರೆ ವೈಫೈನದು. ನಮ್ಮ ಹಳೆಯ ಮನೆಗಳ ದಪ್ಪ ಚಿರೆಕಲ್ಲಿನ ಗೋಡೆಗಳನ್ನು 5 ಗಿಗಾಹರ್ಟ್ಸ್ ಅಲೆ ಸುಲಭವಾಗಿ ದಾಟದು; 2.4 ಗಿಗಾಹರ್ಟ್ಸ್ ನಿಧಾನವಾದರೂ ಹೆಚ್ಚು ದೂರ ಹೋಗುತ್ತದೆ. ಪೆಟ್ಟಿಗೆಯನ್ನು ಜಗಲಿಯ ಮೂಲೆಯಿಂದ ನಡುಮನೆಗೆ ತಂದು ಎತ್ತರದಲ್ಲಿಟ್ಟರೆ ಸಾಕಾಗುವುದೂ ಉಂಟು. ತಾಯಿಯ ಕೋಣೆಯ ಬಾಗಿಲಿಗೆ ಎದುರಾಗಿ ಇಟ್ಟರೆ ಇನ್ನೂ ಒಳಿತು. ಮಗನ ಕರೆಗೆ ಹೆಚ್ಚು ಕಾಯುವವರು ಅವರೇ.