800, 570, 230

ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್ಪಿನ ರಿಪೋರ್ಟು ಕೈಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ದಪ್ಪಕ್ಷರದಲ್ಲಿದ್ದ ಒಂದು ಸಂಖ್ಯೆ. ಎಚ್‌ಬಿಎವನ್‌ಸಿ 5.9. ಇದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದ್ದೀರಿ ಅಂತ ಅರ್ಥವಂತೆ. ಅಪ್ಪ ಆ ಹೊಸ್ತಿಲು ದಾಟಿ, ಒಳಗೆ ಹದಿನೈದು ವರ್ಷ ಇದ್ದು, ಎರಡು ವರ್ಷದ ಹಿಂದೆ ಹೋಗಿಯೇಬಿಟ್ಟರು. ಅಮ್ಮ ಈಗಲೂ ಒಳಗಿದ್ದಾಳೆ. ನನ್ನ ತೂಕ 84 ಕೆಜಿ, ಎತ್ತರ 172 ಸೆಂಟಿಮೀಟರ್. ಹೊಟ್ಟೆಯ ಸುತ್ತಳತೆ ಬರೆಯಲ್ಲ, ಬಿಡಿ.

ಇಂಜಿನಿಯರ್ ಜಾತಿಯವನಿಗೆ ಹೆದರಿಕೆಯಾದರೆ ಏನು ಮಾಡ್ತಾನೆ? ಎಕ್ಸೆಲ್ ಶೀಟ್ ತೆಗೀತಾನೆ. ನಾನೂ ತೆಗೆದೆ. ಮಿಫ್ಲಿನ್-ಸೇಂಟ್ ಜಿಯೋರ್ ಅಂತ ಒಂದು ಸೂತ್ರ ಇದೆ. ಗಂಡಸರಾದರೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆದು, ಕೊನೆಗೆ 5 ಸೇರಿಸಬೇಕು. ನನ್ನ 28ಕ್ಕೆ ಬಂದದ್ದು 1780. ಅಂದರೆ ಸುಮ್ಮನೆ ಬಿದ್ದುಕೊಂಡಿದ್ದರೂ ದೇಹ ಇಷ್ಟು ಕ್ಯಾಲೊರಿ ಸುಡುತ್ತೆ. ಕುರ್ಚಿಯಲ್ಲಿ ಕೂತು ಮಾಡೋ ನಮ್ಮಂಥ ಕೆಲಸಕ್ಕೆ ಅದರ 1.2 ಪಟ್ಟು, ಸುಮಾರು 2136. ಅದರಲ್ಲಿ 500 ಕಳೆದು, ಚಿಲ್ಲರೆ ಬಿಟ್ಟು, ದಿನಕ್ಕೆ 1600 ಅಂತ ಇಟ್ಟುಕೊಂಡೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಲೆಕ್ಕದಲ್ಲಿ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕೆಜಿ ಇಳೀಬೇಕು. ಕಾಗದದ ಮೇಲೆ.

ಇನ್ನು ಆ 1600ನ್ನು ಮೂರು ಹೊತ್ತಿಗೆ ಹಂಚೋದು ಹೇಗೆ? ಬೆಳಗ್ಗೆ ರಾಜನ ಹಾಗೆ ತಿನ್ನು, ರಾತ್ರಿ ಬಡವನ ಹಾಗೆ ತಿನ್ನು ಅನ್ನೋ ಮಾತು ಎಲ್ಲರೂ ಕೇಳಿರ್ತೀರಿ. ಹುಡುಕಿದರೆ ಅದಕ್ಕೊಂದು ಪುರಾವೆಯೂ ಸಿಕ್ಕಿತು. 2013ರಲ್ಲಿ ಇಸ್ರೇಲಿನಲ್ಲಿ ದಪ್ಪಗಿದ್ದ 93 ಹೆಂಗಸರಿಗೆ ಹನ್ನೆರಡು ವಾರ ದಿನಕ್ಕೆ 1400 ಕ್ಯಾಲೊರಿ ಕೊಟ್ಟರಂತೆ. ಅರ್ಧ ಜನಕ್ಕೆ ಬೆಳಗ್ಗೆ 700, ಮಧ್ಯಾಹ್ನ 500, ರಾತ್ರಿ 200. ಉಳಿದವರಿಗೆ ಅದೇ ಉಲ್ಟಾ. ಬೆಳಗ್ಗೆ ಹೆಚ್ಚು ತಿಂದವರು ಸರಾಸರಿ 8.7 ಕೆಜಿ ಇಳಿದರು, ರಾತ್ರಿ ಹೆಚ್ಚು ತಿಂದವರು 3.6 ಮಾತ್ರ. ಇಷ್ಟು ಓದಿದ್ದೇ ತಡ, ಅದೇ ಅನುಪಾತವನ್ನು ನನ್ನ 1600ಕ್ಕೆ ಹಾಕಿದೆ. 800, 570, 230.

ಬೆಳಗ್ಗೆ ಏಳೂಕಾಲಿಗೆ ಮನೆ ಬಿಡುವವನು 800 ಕ್ಯಾಲೊರಿ ತಿನ್ನೋದು ಎಂಥ ಶಿಕ್ಷೆ ಅಂತ ಮಾಡಿ ನೋಡಿದವರಿಗೇ ಗೊತ್ತು. ಮೂರನೇ ಅಕ್ಕಿರೊಟ್ಟಿ ಗಂಟಲಲ್ಲೇ ಕೂತಿರ್ತಿತ್ತು. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ವೈಟ್‌ಫೀಲ್ಡ್ ತಲುಪೋವರೆಗೂ ತೇಗು. ರಾತ್ರಿಯ 230 ಅಂದರೆ ಒಂದು ಬಟ್ಟಲು ಮೊಸರು, ಒಂದು ಸೀಬೆಹಣ್ಣು, ಸಣ್ಣ ಹಿಡಿ ಹುರಿಗಡಲೆ. ಅದನ್ನು ಆಫೀಸಿನಲ್ಲೇ ಏಳು ಗಂಟೆಗೆ ಮುಗಿಸಿ, ಅಮೆರಿಕದವರ ಜೊತೆ ಒಂದು ಕಾಲ್ ಮಾಡಿ, ಮನೆ ಸೇರುವಾಗ ಒಂಬತ್ತೂವರೆ ದಾಟಿರ್ತಿತ್ತು.

"ಅಮ್ಮ, ಇನ್ನು ರಾತ್ರಿ ನನಗೆ ಊಟ ಬೇಡ" ಅಂದಿದ್ದೆ. "ಹೂಂ" ಅಂದಿದ್ದಳು. ಅಷ್ಟೇ. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ.

ಎರಡನೇ ವಾರ ಒಂದು ರಾತ್ರಿ ಬಾಗಿಲು ತೆಗೆದಾಗ ಅಮ್ಮ ಸೋಫಾದ ಮೇಲೆ ಕೂತಿದ್ದಳು. ಫ್ಯಾನ್ ಜೋರಾಗಿ ತಿರುಗ್ತಿದ್ದರೂ ಹಣೆ ತುಂಬ ಬೆವರು, ಕೈ ಸಣ್ಣಗೆ ನಡುಗ್ತಿತ್ತು. ಊಟ ಆಯ್ತಾ ಅಂತ ಕೇಳಿದರೆ ಮೊದಲು ಆಯ್ತು ಅಂದಳು. ಅಡುಗೆಮನೆಗೆ ಹೋಗಿ ನೋಡಿದೆ, ಅನ್ನದ ಪಾತ್ರೆಗೆ ಸೌಟೇ ಬಿದ್ದಿರಲಿಲ್ಲ. ಅಪ್ಪನ ಕಾಲದ ಗ್ಲೂಕೋಮೀಟರ್ ತೆಗೆದು ಬೆರಳು ಚುಚ್ಚಿದೆ. 62. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ ಪಕ್ಕದಲ್ಲಿ ಕೂತೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದಾಗ 88. ಆಮೇಲೆ ಒಂದು ತಟ್ಟೆ ಅನ್ನ ಸಾರು ಉಣ್ಣಿಸಿದೆ. ಮೂರು ಚಮಚ ಅಂದರೆ 15 ಗ್ರಾಂ, 60 ಕ್ಯಾಲೊರಿ ಅಂತ ಆ ಹೊತ್ತಿನಲ್ಲೂ ತಲೆ ಲೆಕ್ಕ ಹಾಕ್ತಿತ್ತು, ಹಾಳಾದ್ದು.

ಆಗಿದ್ದು ಇಷ್ಟು. ರಾತ್ರಿ ಊಟಕ್ಕೆ ಮುಂಚೆ ನುಂಗುವ ಮಾತ್ರೆಯನ್ನು ಅಮ್ಮ ಹೊತ್ತಿಗೆ ಸರಿಯಾಗಿ ನುಂಗ್ತಿದ್ದಳು. ಊಟ ಮಾತ್ರ ಮಾಡ್ತಿರಲಿಲ್ಲ. "ಒಬ್ಬಳಿಗೆ ಏನಂತ ಬಡಿಸಿಕೊಳ್ಳೋದು, ಎರಡು ಬಿಸ್ಕತ್ತು ತಿಂದೆ" ಅಂದಳು. ಅಪ್ಪ ಹೋದ ಮೇಲೆ ನಾವಿಬ್ಬರೂ ಕೂತು ಉಣ್ತಿದ್ದದ್ದು ಅದೊಂದೇ ಹೊತ್ತು. ಮುಂಚೆಯಾದರೂ ನಾನು ಬರೋವರೆಗೆ ಕಾದು, ಆಮೇಲೆ ಮಾತ್ರೆ ನುಂಗಿ ನನ್ನ ಜೊತೆ ಉಣ್ತಿದ್ದಳು. ಅದೂ ಸರಿಯಲ್ಲ, ಎಂಟಕ್ಕೆ ಉಣ್ಣಬೇಕು ಅಂತ ಡಾಕ್ಟರು ಎಂದೋ ಹೇಳಿದ್ದರಂತೆ. ನನ್ನ ಶೀಟಿನಲ್ಲಿ ಆ ಕಾಲಂ ಇರಲಿಲ್ಲ.

ಮರುದಿನ ರಜೆ ಹಾಕಿ ಅಮ್ಮನನ್ನು ಡಾಕ್ಟರ ಹತ್ತಿರ ಕರಕೊಂಡು ಹೋದೆ. ಮಾತ್ರೆ ಬದಲಾಯಿಸಿದರು. ಅವಳಿಗಿಂತ ಹೆಚ್ಚಾಗಿ ನನ್ನನ್ನು ಬೈದರು.

ಸಂಜೆ ಕೂತು ಮತ್ತೆ ಓದಿದೆ. ಈ ಸಲ ನನಗೆ ಬೇಕಾದ್ದನ್ನಷ್ಟೇ ಅಲ್ಲ. 2022ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಗಿದೆ. 30 ಜನ, ಊಟವೆಲ್ಲ ಅವರೇ ಅಳೆದು ಕೊಟ್ಟದ್ದು. ನಾಲ್ಕು ವಾರ ಬೆಳಗ್ಗೆ ಶೇಕಡಾ 45, ಮಧ್ಯಾಹ್ನ 35, ರಾತ್ರಿ 20. ಇನ್ನು ನಾಲ್ಕು ವಾರ ಅದರ ಉಲ್ಟಾ. ತೂಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಮೂರು ಕೆಜಿಗೆ ಸ್ವಲ್ಪ ಮೇಲೆ ಇಳಿದಿತ್ತು. ದೇಹ ಸುಡುವ ಶಕ್ತಿಯಲ್ಲೂ ವ್ಯತ್ಯಾಸ ಇಲ್ಲ. ಬೆಳಗ್ಗೆ ಹೆಚ್ಚು ತಿಂದಾಗ ಹಸಿವು ಕಡಿಮೆ ಅನ್ನಿಸಿತ್ತಂತೆ, ಅದು ದೊಡ್ಡ ಅನುಕೂಲವೇ. ಆದರೆ ಆ ಅನುಕೂಲ ನನಗೆ ಸಿಕ್ಕಿರಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಎದ್ದು ಕೋಡುಬಳೆ ಡಬ್ಬ ತೆಗೀತಿದ್ದೆ. ಅದನ್ನು ಶೀಟಿನಲ್ಲಿ ಬರೀತಿರಲಿಲ್ಲ ಅನ್ನೋದು ಬೇರೆ ಮಾತು.

ಬರೆಯದೇ ಬಿಟ್ಟದ್ದು ಇನ್ನೂ ಇತ್ತು. ದಿನಕ್ಕೆ ಐದು ಕಾಫಿ, ಒಂದಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 5 ಗ್ರಾಂ, ಗ್ರಾಮಿಗೆ 4 ಕ್ಯಾಲೊರಿ. ಹಾಲು ಬಿಟ್ಟು ಬರೀ ಸಕ್ಕರೆಯೇ 200! ಒಂದು ಹೊತ್ತಿನ ಊಟದಷ್ಟು ಕ್ಯಾಲೊರಿ ಯಾವ ಹೊತ್ತಿಗೂ ಸೇರದೆ ಓಡಾಡಿಕೊಂಡಿತ್ತು. ಒಗ್ಗರಣೆ ಎಣ್ಣೆಯದ್ದೂ ಅದೇ ಕಥೆ. ಯಾವ ಎಣ್ಣೆಯಾದರೂ ಗ್ರಾಮಿಗೆ 9. ಅಮ್ಮನಿಗೆ ಅಳತೆ ಚಮಚ ತಂದುಕೊಟ್ಟೆ, ಅದೀಗ ಅರಿಶಿನದ ಡಬ್ಬದಲ್ಲಿದೆ.

ಈಗಿನ ಹಂಚಿಕೆ ಬೆಳಗ್ಗೆ 450, ಮಧ್ಯಾಹ್ನ 600, ರಾತ್ರಿ 450, ಸಕ್ಕರೆ ಇಲ್ಲದ ಕಾಫಿ ಎರಡು ಸೇರಿ ಅಲ್ಲಿ ಇಲ್ಲಿ 100. ಮ್ಯಾನೇಜರ್ ಹತ್ತಿರ ಮಾತಾಡಿ ಐದೂವರೆಗೇ ಹೊರಡ್ತೀನಿ, ಕಾಲ್ ಒಂಬತ್ತಕ್ಕೆ ಮನೆಯಿಂದ. ಮೊದಲ ಸಲ ಕೇಳಿದಾಗ ಅವರ ಮುಖ ನೋಡಬೇಕಿತ್ತು. ಎಂಟಕ್ಕೆ ನಾನೂ ಅಮ್ಮನೂ ಎದುರಾಬದುರಾ ಕೂತಿರ್ತೀವಿ. ಹತ್ತು ವಾರಕ್ಕೆ 84 ಇದ್ದದ್ದು 81.2 ಆಗಿದೆ. ಶೀಟಿನ ಪ್ರಕಾರ 79ರ ಆಸುಪಾಸು ಇರಬೇಕಿತ್ತು. ಭಾನುವಾರಗಳನ್ನು ಶೀಟಿಗೆ ಕಲಿಸಿಲ್ಲ ನಾನು. ಎಚ್‌ಬಿಎವನ್‌ಸಿ ಮುಂದಿನ ತಿಂಗಳು ನೋಡಬೇಕು.

ನಿನ್ನೆ ಒಂದೇ ಮುದ್ದೆ ಅಂತ ಹೇಳಿ, ಫೋನಿನಲ್ಲಿ ಬರೆದುಕೊಳ್ತಾ ಇದ್ದೆ. ತಲೆ ಎತ್ತೋದರೊಳಗೆ ತಟ್ಟೆಗೆ ಇನ್ನೊಂದು ಸೌಟು ಬಸ್ಸಾರು ಬಿದ್ದಿತ್ತು.

"ಸಾರಿಗೆಲ್ಲ ಲೆಕ್ಕ ಇರಲ್ಲ ಕಣೋ" ಅಂದಳು ಅಮ್ಮ.